ಚೆಲ್ಲಕೇತನ ಬಂಕೇಯ: ಅನುಗ್ರಹ, ಪ್ರತಿಜ್ಞೆ ಮತ್ತು ಮನೆತನ

ಪವಾಯಿ ಕೆರೆಯಿಂದ ನೇರ ಉತ್ತರಕ್ಕೆ ಸಾಗಿದರೆ ಮೊದಲು ವಿಹಾರ ಸರೋವರ, ಅದರಾಚೆ ದಟ್ಟವಾದ ಅಡವಿ, ಅಡವಿಯ ನಡುವೆ ಕಾನ್ಹೇರಿಯ ಕರಿಕಲ್ಲ ಬೆಟ್ಟ. ಪವಾಯಿ ಕೆರೆ ಕಟ್ಟಿದ್ದು 1891ರಲ್ಲಿ. ಅದರ ದಡದಲ್ಲಿ ತಂತ್ರವಿದ್ಯಾ ಸಂಸ್ಥೆ ತಲೆಯೆತ್ತಿದ್ದು 1958ರಲ್ಲಿ. ಇವೆರಡೂ ನಿನ್ನೆ ಮೊನ್ನೆಯ ಸಂಗತಿಗಳು. ಆದರೆ ಹತ್ತು ಕಿಲೋಮೀಟರಿನೊಳಗಿನ ಕಾನ್ಹೇರಿಯ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಶಾಸನಗಳು ಇಂದಿಗೂ ಉಳಿದಿವೆ. ಬೆಟ್ಟವನ್ನು ಕೃಷ್ಣಗಿರಿಯೆಂದು ಕರೆಯುವ ಈ ಶಾಸನಗಳು ಬೌದ್ಧ ಭಿಕ್ಷುಗಳಿಗೆ ಕೊಟ್ಟ ದಾನಗಳನ್ನು ಹೇಳುತ್ತವೆ; ಮುಂಬಯಿಯ ಕನ್ನಡ ವಿದ್ಯಾರ್ಥಿಗೆ ಮಾತ್ರ ಅವುಗಳಲ್ಲಿ ಮೊದಲು ಕಣ್ಣಿಗೆ ಬೀಳುವ ಹೆಸರು ಮಾನ್ಯಖೇಟದ ಅಮೋಘವರ್ಷನದು. ಕ್ರಿ.ಶ. 843ರಲ್ಲಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಪುಲ್ಲಶಕ್ತಿಯೂ 877ರಲ್ಲಿ ಆಳುತ್ತಿದ್ದ ಎರಡನೆಯ ಕಪರ್ದಿಯೂ ತಮ್ಮನ್ನು ಅಮೋಘವರ್ಷನ ಅಡಿಯ ಸಾಮಂತರೆಂದೇ ಹೇಳಿಕೊಂಡಿದ್ದಾರೆ. ಕೊಂಕಣ ಅವರ ಕೈಗೆ ಬಂದದ್ದು ಅರಸನ ಅನುಗ್ರಹದಿಂದ ಎಂಬುದು ಆ ಶಾಸನಗಳ ಧೋರಣೆ. ಮುಂದೆ ಇದೇ ವಂಶದಲ್ಲಿ ವಪ್ಪುವನ್ನ, ಗೊಗ್ಗಿ, ವಜ್ಜಡ ಮೊದಲಾದ ಹೆಸರುಗಳು ಬರುತ್ತವೆ. ಇವು ಕನ್ನಡದ ಕಿವಿಗೆ ಅಪರಿಚಿತವಲ್ಲ. ಶಿಲಾಹಾರರ ಮನೆಮಾತು ಕನ್ನಡವಾಗಿತ್ತೆಂದು ವಾ. ವಿ. ಮಿರಾಶಿ ಅವರು ಅಭಿಪ್ರಾಯಪಟ್ಟದ್ದಕ್ಕೆ ಇಂತಹ ಹೆಸರುಗಳೂ ಆಧಾರ.

ಅರಸನ ಅನುಗ್ರಹದಿಂದ ನಾಡೊಂದು ಒಬ್ಬನ ಕೈಗೆ ಬರುವುದು, ಬಂದ ನಾಡು ಆ ಮನೆತನದಲ್ಲಿ ನೆಲೆನಿಲ್ಲುವುದು – ಈ ಎರಡರ ನಡುವೆ ಏನು ನಡೆಯುತ್ತದೆ? ಅಮೋಘವರ್ಷನ ಆಳ್ವಿಕೆಯ ರಾಜಕಾರಣವನ್ನು ಅರಿಯಬೇಕಾದರೆ ಈ ಪ್ರಶ್ನೆಯನ್ನು ಎದುರಿಸದೆ ಗತ್ಯಂತರವಿಲ್ಲ. ಕೊಂಕಣದ ಶಾಸನಗಳು ಇದಕ್ಕೆ ಸಂಕ್ಷಿಪ್ತವಾಗಿ ಮಾತ್ರ ಉತ್ತರಿಸುತ್ತವೆ. ವಿಸ್ತಾರವಾದ ಉತ್ತರ ದೊರೆಯುವುದು ಅದೇ ಅರಸನ ಮತ್ತೊಬ್ಬ ಅಧಿಕಾರಿ, ಬನವಾಸಿಯ ಬಂಕೇಯನ ವೃತ್ತಾಂತದಲ್ಲಿ. ಅವನ ಹೆಸರನ್ನು ಹೊತ್ತ ಬಂಕಾಪುರ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. ಸ್ವಂತ ಹೆಸರಿನ ಊರು ಹನ್ನೊಂದು ಶತಮಾನಗಳ ಅನಂತರವೂ ಉಳಿದುಕೊಂಡ ಭಾಗ್ಯ ರಾಷ್ಟ್ರಕೂಟ ಅಧಿಕಾರಿಗಳಲ್ಲಿ ಬಹಳ ಜನರಿಗೆ ಒದಗಿದ್ದಲ್ಲ.

ಬಂಕೇಯನನ್ನು ಕುರಿತ ಮುಖ್ಯ ಆಧಾರ ಕೊಣ್ಣೂರಿನ ಶಾಸನ. ಮಲಪ್ರಭೆಯ ದಡದ ಈ ಕೊಣ್ಣೂರು ಹಿಂದೆ ಧಾರವಾಡ ಜಿಲ್ಲೆಯಲ್ಲಿತ್ತು. 1997ರಿಂದ ಗದಗ ಜಿಲ್ಲೆಗೆ ಸೇರಿದೆ. ಶಾಸನದಲ್ಲಿ ಊರಿನ ಹೆಸರು ಕೊಳನೂರ. ಕೀಲ್‌ಹಾರ್ನ್ ಸಂಪಾದಿಸಿ ಎಪಿಗ್ರಾಫಿಯಾ ಇಂಡಿಕಾದ ಆರನೆಯ ಸಂಪುಟದಲ್ಲಿ ಪ್ರಕಟಿಸಿದ ಈ ಸಂಸ್ಕೃತ ಶಾಸನ ಶಕ 782ರ ಆಶ್ವಯುಜ ಹುಣ್ಣಿಮೆಯ ಚಂದ್ರಗ್ರಹಣದಂದು, ಎಂದರೆ ಕ್ರಿ.ಶ. 860ರ ಅಕ್ಟೋಬರ್ 3ರಂದು, ಅಮೋಘವರ್ಷನು ಮಾನ್ಯಖೇಟದಲ್ಲಿದ್ದಾಗ ಕೊಟ್ಟ ದಾನವನ್ನು ದಾಖಲಿಸುತ್ತದೆ. ಕೊಳನೂರಿನಲ್ಲಿ ಬಂಕೇಯ ಒಂದು ಬಸದಿಯನ್ನು ಕಟ್ಟಿಸಿದ್ದ. ಅವನ ಬೇಡಿಕೆಯಂತೆ, ಅವನು ಸಲ್ಲಿಸಿದ ಸೇವೆಗೆ ಮೆಚ್ಚಿ, ಅರಸನು ತ್ರಿಕಾಲಯೋಗೀಶನ ಶಿಷ್ಯನಾದ ದೇವೇಂದ್ರ ಮುನಿಗೆ ತಲೇಯೂರೆಂಬ ಗ್ರಾಮವನ್ನೂ ಬೇರೆ ಊರುಗಳಲ್ಲಿ ಭೂಮಿಯನ್ನೂ ಬಿಟ್ಟುಕೊಟ್ಟ. ಇಷ್ಟು ದಾನದ ವಿಷಯ. ದಾನಕ್ಕೆ ಕಾರಣವಾದ ಸೇವೆ ಯಾವುದೆಂಬುದನ್ನು ಹೇಳುವ ನೆಪದಲ್ಲಿ ಶಾಸನವು ಬಂಕೇಯನ ಜೀವನದ ಒಂದು ಘಟ್ಟವನ್ನೇ ನಿರೂಪಿಸುತ್ತದೆ. ಅದೂ ಅರಸನ ಬಾಯಿಂದ. ದಾನಶಾಸನಗಳಲ್ಲಿ ಅರಸನ ವಂಶಾವಳಿ ಬರುವುದು ಸಾಮಾನ್ಯ. ಅರಸನೇ ತನ್ನ ಅಧಿಕಾರಿಯ ಕಥೆ ಹೇಳುವುದು ಅಪರೂಪ.

ಆ ಕಥೆಯಂತೆ ಮುಕುಲ ಕುಲದಲ್ಲಿ ಎರಕೋರಿ ಎಂಬುವನಿದ್ದ. ಅವನ ಮಗ ಆಧೋರ, ಕೊಳನೂರಿನ ಒಡೆಯ. ಆಧೋರನಿಗೂ ವಿಜಯಾಂಕೆಗೂ ಹುಟ್ಟಿದವನು ಬಂಕೇಯ. ಚೆಲ್ಲಕೇತನನೆಂಬುದು ಅವನ ಇನ್ನೊಂದು ಹೆಸರು. ಕೇತನವೆಂದರೆ ಬಾವುಟ, ಚೆಲ್ಲವನ್ನು ಸಂಸ್ಕೃತದ ‘ಚಿಲ್ಲ’ಕ್ಕೆ ಹೊಂದಿಸಿ ಹದ್ದು ಎಂದು ಅರ್ಥ ಮಾಡುವುದುಂಟು. ಹದ್ದಿನ ಬಾವುಟದವನು ಎಂಬ ಈ ಬಿರುದು ಮುಂದೆ ಮನೆತನದ ಹೆಸರೇ ಆಯಿತು. ಈ ವಂಶಾವಳಿಯ ಗಾತ್ರವನ್ನು ಗಮನಿಸಬೇಕು. ಮೂರೇ ತಲೆಮಾರು, ಪುರಾಣದ ಮೂಲಪುರುಷರಿಲ್ಲ, ಯದುವೂ ಇಲ್ಲ, ಚಂದ್ರನೂ ಇಲ್ಲ. ತಂದೆಗಿದ್ದದ್ದು ಒಂದು ಊರಿನ ಒಡೆತನ. ಮಗನಿಗೆ ಸಿಕ್ಕಿದ್ದು ಬನವಾಸಿ ಮೊದಲಾದ ಮೂವತ್ತು ಸಾವಿರ ಗ್ರಾಮಗಳ ಆಡಳಿತ. ಒಂದು ತಲೆಮಾರಿನಲ್ಲಿ ಆದ ಈ ಏರಿಕೆಗೆ ಶಾಸನ ಕೊಡುವ ಕಾರಣ ಒಂದೇ, ಅರಸನ ಅನುಗ್ರಹ.

ಮೂವತ್ತು ಸಾವಿರ ಎಂಬ ಸಂಖ್ಯೆಯ ಬಳಿ ಸ್ವಲ್ಪ ನಿಲ್ಲಬೇಕು. ಶಿಗ್ಗಾಂವಿ ತಾಲ್ಲೂಕಿನ ನಿಡಗುಂದಿಯಲ್ಲಿ ಅಮೋಘವರ್ಷನ ಕಾಲದ್ದೇ ಆದ ಕನ್ನಡ ಶಾಸನವೊಂದಿದೆ. ಅದನ್ನು ಪ್ರಕಟಿಸಿದವರು ಫ್ಲೀಟ್. ಅದರಲ್ಲಿ ಬಂಕೇಯರಸನು ಆಳುತ್ತಿದ್ದ ಪ್ರದೇಶಗಳ ವಿವರವಿದೆ: ಬನವಾಸಿ ಹನ್ನೆರಡು ಸಾವಿರ, ಬೆಳ್ಗಲಿ ಮುನ್ನೂರು, ಕುಂದರಗೆ ಎಪ್ಪತ್ತು, ಕುಂದೂರು ಐನೂರು, ಪುರಿಗೆರೆ ಮುನ್ನೂರು. ಎಲ್ಲ ಕೂಡಿದರೆ 13,170. ಕೊಣ್ಣೂರಿನ ಮೂವತ್ತು ಸಾವಿರಕ್ಕೂ ಇದಕ್ಕೂ ಅಜಗಜಾಂತರ. ನಾಡುಗಳ ಹೆಸರಿನೊಂದಿಗೆ ಬರುವ ಸಂಖ್ಯೆಗಳು ಗ್ರಾಮಗಳ ಲೆಕ್ಕವೋ ಹುಟ್ಟುವಳಿಯ ಲೆಕ್ಕವೋ ಎಂಬ ವಾದ ಹಳೆಯದು. ಏನೇ ಇರಲಿ, ಅಂಗಳದ ಕನ್ನಡ ಶಾಸನ ಊರೂರನ್ನು ಹೆಸರಿಸಿ ಲೆಕ್ಕ ಹೇಳುತ್ತದೆ; ಸಂಸ್ಕೃತ ಶಾಸನ ದುಂಡಗಿನ ದೊಡ್ಡ ಸಂಖ್ಯೆಯನ್ನು ಹೇಳುತ್ತದೆ. ಅಧಿಕಾರಿಯ ನಿಜವಾದ ವ್ಯಾಪ್ತಿಯನ್ನು ಅಳೆಯುವಾಗ ನಿಡಗುಂದಿಯ ಕಲ್ಲನ್ನು ನಂಬುವುದು ಲೇಸು. ಅದೇ ಶಾಸನ ಅವನ ಮಗ ಕುಂದತ್ತೆಯು ನಿಡುಗುಂದಗೆ ಹನ್ನೆರಡನ್ನು ಆಳುತ್ತಿದ್ದನೆಂದೂ ತಿಳಿಸುತ್ತದೆ. ತಂದೆಯ ಕೈಯಲ್ಲಿ ಹನ್ನೆರಡು ಸಾವಿರ, ಮಗನ ಕೈಯಲ್ಲಿ ಹನ್ನೆರಡು. ಕೂಸು ನಡೆಯುವುದನ್ನು ಕಲಿಯುವಂತೆ ಅಧಿಕಾರಿಯ ಮಗ ಸಣ್ಣ ನಾಡಿನಲ್ಲಿ ಆಡಳಿತವನ್ನು ಕಲಿಯುತ್ತಿದ್ದ. ಅನುಗ್ರಹ ಮನೆತನವಾಗುವ ಬಗೆಯ ಮೊದಲ ಹೆಜ್ಜೆ ಇಲ್ಲಿ ಕಾಣುತ್ತದೆ.

ಬಂಕೇಯನ ಆಡಳಿತಕ್ಕೆ ಸೇರಿದ ಪುರಿಗೆರೆ ಮುನ್ನೂರು ಇಂದಿನ ಲಕ್ಷ್ಮೇಶ್ವರದ ಸುತ್ತಿನ ನಾಡು. ಅಮೋಘವರ್ಷನ ಆಸ್ಥಾನದಲ್ಲಿ, ಸುಮಾರು 850ರ ಹೊತ್ತಿಗೆ, ರಚಿತವಾದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಗುರುತಿಸಿರುವುದು ಎಲ್ಲರಿಗೂ ತಿಳಿದದ್ದೇ. ಆ ನಾಲ್ಕರಲ್ಲಿ ಒಂದು ಬಂಕೇಯನ ಕೈಯಲ್ಲಿತ್ತು. ಕನ್ನಡದ ಮೊದಲ ಲಾಕ್ಷಣಿಕ ಗ್ರಂಥ ಯಾವ ನುಡಿಯನ್ನು ಪ್ರಮಾಣವೆಂದು ಹಿಡಿಯಿತೋ ಆ ನುಡಿಯಾಡುವ ಜನರಲ್ಲಿ ಒಂದು ಪಾಲಿನವರಿಂದ ತೆರಿಗೆ ಎತ್ತುತ್ತಿದ್ದವನು ಇವನು.

ಕೊಣ್ಣೂರು ಶಾಸನದ ಕಥೆ ಇನ್ನು ಯುದ್ಧಕ್ಕೆ ತಿರುಗುತ್ತದೆ. ಅಮೋಘವರ್ಷನ ಇಚ್ಛೆಯಂತೆ ಬಂಕೇಯ ಗಂಗವಾಡಿಯ ಮೇಲೆ ದಂಡೆತ್ತಿ ಹೋದ. ಶಾಸನಕವಿ ಗಂಗವಾಡಿಯನ್ನು ಕಡಿಯಲಾಗದ ಆಲದ ಅಡವಿಗೆ ಹೋಲಿಸುತ್ತಾನೆ. ಬೇರುಬಿಟ್ಟ ಅರಸುಮನೆಗೆ ಇದಕ್ಕಿಂತ ಒಪ್ಪುವ ಹೋಲಿಕೆ ಸಿಗುವುದು ಕಷ್ಟ. ಜೊತೆಗೆ ಹೊರಡಬೇಕಾದ ಬೇರೆ ಸಾಮಂತರು ಮತ್ಸರದಿಂದ ಅವನನ್ನು ಕೈಬಿಟ್ಟರು. ಹಳ್ಳಿಯೊಡೆಯನ ಮಗನೊಬ್ಬ ತಮಗಿಂತ ಮುಂದಾದುದನ್ನು ಹಳೆಯ ಮನೆತನಗಳು ಸಹಿಸಲಿಲ್ಲವೆಂದು ಊಹಿಸಿದರೆ ತಪ್ಪಾಗದು. ಆದರೂ ಬಂಕೇಯ ಕೇದಲದ ಕೋಟೆಯನ್ನು ಹಿಡಿದ. ಇದು ತುಮಕೂರಿನ ಬಳಿಯ ಕೈದಾಳವೆಂದು ಗುರುತಿಸಲಾಗಿದೆ. ತಳವನಪುರದ, ಎಂದರೆ ತಲಕಾಡಿನ, ಒಡೆಯನನ್ನು ಓಡಿಸಿ ಕಾವೇರಿಯನ್ನು ದಾಟಿದ. ಗಂಗರ ಕಡೆಯ ಶಾಸನಗಳು ಈ ಹೋರಾಟಗಳನ್ನು ಬೇರೆಯಾಗಿ ಹೇಳುತ್ತವೆ. ಎರೆಗಂಗ ನೀತಿಮಾರ್ಗನು ರಾಜಾರಾಮಡುವಿನ ಕಾಳಗದಲ್ಲಿ ಗೆದ್ದನೆಂಬುದು ಅವರ ಹೆಮ್ಮೆ. ಕೊನೆಗೆ ಅಮೋಘವರ್ಷನು ತನ್ನ ಮಗಳು ಚಂದ್ರಬ್ಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟು ಮದುವೆ ಮಾಡಿದ. ಕತ್ತಿಯಿಂದ ಆಗದ್ದು ಕನ್ಯಾದಾನದಿಂದ ಆಯಿತು. ಬಂಕೇಯನ ಗೆಲವು ಸುಳ್ಳೆಂದು ಇದರ ಅರ್ಥವಲ್ಲ. ಅವನು ಗಂಗವಾಡಿಯಲ್ಲಿ ನಿಲ್ಲಲಿಲ್ಲವೆಂಬುದಷ್ಟೇ ಸ್ಪಷ್ಟ.

ನಿಲ್ಲದಿರಲು ಕಾರಣವನ್ನು ಕೊಣ್ಣೂರು ಶಾಸನವೇ ಕೊಡುತ್ತದೆ. ಅವನು ಕಾವೇರಿಯಾಚೆ ಇದ್ದಾಗ ರಾಜ್ಯದೊಳಗೆ ಕ್ಷೋಭೆ ಎದ್ದಿತು. ಅರಸನ ಮಗನೇ ಬಂಡಾಯಗಾರರ ಪಕ್ಷಕ್ಕೆ ಸೇರಿದ್ದ. ಅಮೋಘವರ್ಷ ಬಂಕೇಯನನ್ನು ಕರೆಸಿದ. ಆಗ ಬಂಕೇಯ ಮಾಡಿದ ಪ್ರತಿಜ್ಞೆ ಶಾಸನದ ಜೀವಸ್ಥಾನ: ಮೂರು ತಿಂಗಳೊಳಗೆ ಶತ್ರುಗಳನ್ನು ಗೆದ್ದು ಒಡೆಯನ ಮನಸ್ಸನ್ನು ತಣಿಸದೆ ಹೋದರೆ ಬೆಂಕಿಗೆ ಬೀಳುತ್ತೇನೆ. ಅವನು ಬಂದ, ಬಂಡಾಯ ಅಡಗಿತು.

ಈ ಪ್ರತಿಜ್ಞೆಯನ್ನು ಕಾವ್ಯದ ಉತ್ಪ್ರೇಕ್ಷೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಕನ್ನಡ ನಾಡಿನ ಶಾಸನಗಳನ್ನೂ ಕಾವ್ಯಗಳನ್ನೂ ಬಲ್ಲವರಿಗೆ ಜೋಳವಾಳಿ, ವೇಳೆವಾಳಿಗಳ ಕಲ್ಪನೆ ಹೊಸದಲ್ಲ. ಉಂಡ ಜೋಳದ ಋಣವನ್ನು ಪ್ರಾಣದಿಂದ ತೀರಿಸುವುದು ಜೋಳವಾಳಿ. ವೇಳೆ ಬಂದಾಗ ಒಡೆಯನಿಗಾಗಿ ಸಾಯುವೆನೆಂದು ಮೊದಲೇ ಮಾತುಕೊಡುವುದು ವೇಳೆವಾಳಿ. ಬಂಕೇಯನ ಎದುರಾಳಿಗಳಾದ ಗಂಗರಲ್ಲಿಯೂ ಇದೇ ನಡೆಯಿತ್ತು. ನೀತಿಮಾರ್ಗನ ಮರಣವನ್ನು ಚಿತ್ರಿಸುವ ದೊಡ್ಡಹುಂಡಿಯ ಕಲ್ಲಿನಲ್ಲಿ ಅವನ ಮನೆಮಗನಾದ ಅಗರಯ್ಯನು ಒಡೆಯನ ಕೆಳಗೆ ‘ಕೀಳ್ಗುಂಠೆ’ಯಾದನೆಂದಿದೆ, ಎಂದರೆ ಅರಸನೊಡನೆ ತಾನೂ ಸಮಾಧಿಗೆ ಇಳಿದ. ಅಗರಯ್ಯ ಸತ್ತು ಋಣ ತೀರಿಸಿದ. ಬಂಕೇಯ ಬದುಕಿ ತೀರಿಸಿದ. ಸಾಯಲು ಸಿದ್ಧನೆಂಬ ಮಾತನ್ನೇ ರಾಜಕಾರಣದ ಬಂಡವಾಳವಾಗಿಸಿದ. ಮತ್ಸರದ ಸಾಮಂತರು, ಬಂಡೆದ್ದ ರಾಜಕುಮಾರ – ಇವರ ನಡುವೆ ಅರಸನಿಗೆ ಯಾರನ್ನು ನಂಬಬೇಕೆಂಬುದೇ ಸಮಸ್ಯೆಯಾದಾಗ, ಸಾರ್ವಜನಿಕವಾಗಿ ಗಡುವು ಹಾಕಿಕೊಂಡು ಬೆಂಕಿಯನ್ನು ಸಾಕ್ಷಿಗೆ ಕರೆದವನ ಮಾತಿಗೆ ಬೆಲೆ ಬಂದೇ ಬರುತ್ತದೆ.

ಅಮೋಘವರ್ಷನ ಆಳ್ವಿಕೆಯಲ್ಲಿ ಇಂತಹ ಗಂಡಾಂತರ ಇದು ಮೊದಲನೆಯದೂ ಅಲ್ಲ. ಮೂರನೆಯ ಗೋವಿಂದ ತೀರಿಕೊಂಡ 814ರಲ್ಲಿ ಅವನಿನ್ನೂ ಬಾಲಕ. ಸಾಮಂತರು ಬಂಡೆದ್ದರು, 821ರೊಳಗೆ ಗುಜರಾತ್ ಶಾಖೆಯ ಕರ್ಕ ಸುವರ್ಣವರ್ಷ ಅವನನ್ನು ಪಟ್ಟದಲ್ಲಿ ಮತ್ತೆ ನೆಲೆಗೊಳಿಸಿದ. ಆಮೇಲೆ ಅದೇ ಶಾಖೆಯೊಡನೆಯೇ ದೀರ್ಘ ವೈಮನಸ್ಯ ಬೆಳೆಯಿತು. ದಾಯಾದಿಗಳನ್ನು ನೆಚ್ಚುವಂತಿರಲಿಲ್ಲ, ಹೊಸಬರನ್ನು ಎತ್ತುವುದು ಅನಿವಾರ್ಯವಾಯಿತು.

814 ಎಂಬ ವರ್ಷಕ್ಕೆ ಪಶ್ಚಿಮ ಯುರೋಪಿನಲ್ಲಿಯೂ ಮಹತ್ತ್ವವಿದೆ. ಆ ವರ್ಷದ ಜನವರಿಯಲ್ಲಿ ಫ್ರಾಂಕರ ಚಕ್ರವರ್ತಿ ಶಾರ್ಲಮೇನ್ ತೀರಿಕೊಂಡು ಅವನ ಮಗ ಲೂಯಿ ಪಟ್ಟಕ್ಕೆ ಬಂದ. ಅಮೋಘವರ್ಷನ ರಾಜ್ಯವನ್ನು ಅರಬ್ ವರ್ತಕರು ಚೆನ್ನಾಗಿ ಬಲ್ಲವರು. 851ರ ಅರಬ್ಬಿ ವೃತ್ತಾಂತವು ಬಲ್ಹಾರನನ್ನು, ಎಂದರೆ ರಾಷ್ಟ್ರಕೂಟ ವಲ್ಲಭನನ್ನು, ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿತು. ಫ್ರಾಂಕರ ಅರಸನಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಆದರೂ ಎರಡು ರಾಜ್ಯಗಳ ಒಳಗಿನ ಸಂಕಟ ಒಂದೇ ಬಗೆಯದು. ಲೂಯಿಯ ಮಕ್ಕಳು 830ರಲ್ಲಿ ಒಮ್ಮೆ, 833ರಲ್ಲಿ ಇನ್ನೊಮ್ಮೆ ತಂದೆಯ ಮೇಲೆ ತಿರುಗಿಬಿದ್ದರು. ಆ ಬಂಡಾಯದ ನಡುವೆ ನಿಂತ ರಾಜನೀತಿಜ್ಞ ವಾಲ ಎಂಬುವನ ಬಾಳು ಬಂಕೇಯನ ಬಾಳಿನ ಪಕ್ಕದಲ್ಲಿಟ್ಟು ನೋಡಬೇಕಾದದ್ದು.

ವಾಲ ಹಳ್ಳಿಯೊಡೆಯನ ಮಗನಲ್ಲ. ಅವನು ಶಾರ್ಲಮೇನನ ಚಿಕ್ಕಪ್ಪ ಬರ್ನಾರ್ಡನ ಮಗ. ಅಜ್ಜ ಸುಪ್ರಸಿದ್ಧ ಚಾರ್ಲ್ಸ್ ಮಾರ್ಟೆಲ್. ಅಣ್ಣ ಅದಲ್‌ಹಾರ್ಡ್ ಕೋರ್ಬಿಯ ಮಠಾಧಿಪತಿ. ಅಕ್ಕತಂಗಿಯರೂ ಸೇರಿ ಇಡೀ ಮನೆಯೇ ಹಳೆಯ ಚಕ್ರವರ್ತಿಗೆ ಬೇಕಾಗಿತ್ತು. 814ರಲ್ಲಿ ಅರಸು ಬದಲಾಯಿತು. ಮನೆಯ ಅದೃಷ್ಟವೂ ಬದಲಾಯಿತು. ಅಣ್ಣ ದ್ವೀಪವೊಂದಕ್ಕೆ ಗಡಿಪಾರಾದ, ವಾಲ ಸನ್ಯಾಸಿಯಾಗಿ ಮಠ ಸೇರಬೇಕಾಯಿತು. 821ರಲ್ಲಿ ಮತ್ತೆ ಅನುಗ್ರಹ ದೊರೆಯಿತು. ಯುವರಾಜ ಲೋಥಾರನಿಗೆ ಸಲಹೆಗಾರನಾಗಿ ವಾಲ ಇಟಲಿಗೆ ಹೋದ. 826ರಲ್ಲಿ ಅಣ್ಣ ತೀರಿಕೊಂಡ ಮೇಲೆ ಕೋರ್ಬಿಯ ಮಠಾಧಿಪತಿಯಾದ. 830ರ ಬಂಡಾಯದಲ್ಲಿ ಅವನು ಅರಸನ ಪಕ್ಷದಲ್ಲಿರದೆ ಮಕ್ಕಳ ಪಕ್ಷದಲ್ಲಿದ್ದ. ರಾಜ್ಯ ಒಡೆಯಬಾರದು, 817ರಲ್ಲಿ ಅರಸನೇ ಮಾಡಿದ ಉತ್ತರಾಧಿಕಾರದ ಕಟ್ಟಳೆಯನ್ನು ಅರಸನೇ ಮುರಿಯಬಾರದು ಎಂಬುದು ಅವನ ನಿಲುವು. ಅದಕ್ಕೆ ತೆತ್ತ ಬೆಲೆ ಸೆರೆ, ಗಡಿಪಾರು. 836ರಲ್ಲಿ ಅವನು ಸತ್ತದ್ದು ಇಟಲಿಯ ಬೋಬಿಯೊ ಮಠದಲ್ಲಿ.

ಒಬ್ಬನಿಗೆ ನಿಷ್ಠೆಯೆಂದರೆ ಕಟ್ಟಳೆಗೆ ನಿಷ್ಠೆ, ಇನ್ನೊಬ್ಬನಿಗೆ ಒಡೆಯನಿಗೆ ನಿಷ್ಠೆ. ಯಾವುದು ಮೇಲೆಂದು ತೂಗುವುದು ಇತಿಹಾಸದ ಕೆಲಸವಲ್ಲ. ಆದರೆ ಹುಟ್ಟಿನ ವ್ಯತ್ಯಾಸವನ್ನು ಮರೆಯಲಾಗದು. ರಾಜರಕ್ತದವನಾದ ವಾಲ ಅರಸನನ್ನು ಎದುರಿಸಿಯೂ ವಾಲನಾಗಿಯೇ ಉಳಿಯಬಲ್ಲ. ಬಂಕೇಯನಿಗೆ ಅಮೋಘವರ್ಷನಿಲ್ಲದಿದ್ದರೆ ಕೊಳನೂರಿನ ಹೊರಗೆ ಹೆಸರಿರಲಿಲ್ಲ. ಹೀಗಿರುವಾಗ ಬೆಂಕಿಗೆ ಬೀಳುವ ಪ್ರತಿಜ್ಞೆಯಲ್ಲಿ ಭಕ್ತಿಯ ಜೊತೆಗೆ ಲೆಕ್ಕಾಚಾರವೂ ಇತ್ತೆಂದರೆ ಅವನಿಗೆ ಅವಮಾನವೇನೂ ಆಗುವುದಿಲ್ಲ.

ಇಬ್ಬರ ಚರಿತ್ರೆಯೂ ಧಾರ್ಮಿಕ ಸಂಸ್ಥೆಗಳ ಮೂಲಕವೇ ಉಳಿದುಬಂದಿದೆ. ವಾಲನ ಚರಿತ್ರೆಯನ್ನು ಬರೆದವನು ಕೋರ್ಬಿ ಮಠದ ಅವನ ಶಿಷ್ಯ ಪಾಸ್ಕಾಸಿಯಸ್ ರಾಡ್‌ಬರ್ಟಸ್. ಸಮಕಾಲೀನರ ಭಯದಿಂದ ಅವನು ಪಾತ್ರಗಳಿಗೆಲ್ಲ ಬೇರೆ ಹೆಸರಿಟ್ಟ. ವಾಲ ಅಲ್ಲಿ ‘ಆರ್ಸೇನಿಯಸ್’. ಬಂಕೇಯನ ಕಥೆ ಉಳಿದದ್ದು ಗುರುಭಕ್ತಿಯಿಂದಲ್ಲ, ಬಸದಿಯ ಭೂಮಿಯಿಂದ. ಕೊಣ್ಣೂರಿನಲ್ಲಿ ಇಂದಿರುವ ಕಲ್ಲು 860ರದ್ದಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಮೇಘಚಂದ್ರ ತ್ರೈವಿದ್ಯನ ಶಿಷ್ಯನಾದ ವೀರನಂದಿಯ ಕೋರಿಕೆಯಂತೆ ಕೊಳನೂರಿನ ಮಹಾಪ್ರಭು ಹುಳಿಯಮರಸ ಮೊದಲಾದವರು ತಾಮ್ರಪಟದಲ್ಲಿದ್ದ ಹಳೆಯ ಶಾಸನವನ್ನು ಕಲ್ಲಿನ ಮೇಲೆ ಬರೆಯಿಸಿದರು; ಇದು ನಡೆದದ್ದು ಹನ್ನೆರಡನೆಯ ಶತಮಾನದಲ್ಲಿ. ಆ ವೇಳೆಗೆ ರಾಷ್ಟ್ರಕೂಟರು ಅಳಿದು ಒಂದೂವರೆ ಶತಮಾನವೇ ಕಳೆದಿತ್ತು. ಬಸದಿಯ ಆಸ್ತಿಗೆ ಹಕ್ಕು ತೋರಿಸಬೇಕಾದವರೇ ಹಕ್ಕಿನ ಪತ್ರವನ್ನು ನಕಲು ಮಾಡಿಸಿದಾಗ ಸಂಶಯ ಹುಟ್ಟುವುದು ಸಹಜ. ಶಾಸನದ ರಾಷ್ಟ್ರಕೂಟ ವಂಶಾವಳಿ ಬೇರೆ ತಾಮ್ರಪಟಗಳೊಡನೆ ಎಲ್ಲೆಡೆ ಹೊಂದುವುದಿಲ್ಲವೆಂಬುದೂ ಈ ಸಂಶಯಕ್ಕೆ ಇಂಬು ಕೊಟ್ಟಿದೆ.

ಆದರೆ ಕಟ್ಟುಕಥೆಯೆಂದು ಬದಿಗೆ ಸರಿಸಲು ಅಡ್ಡಿಗಳೂ ಬಲವಾಗಿವೆ. ಮೊದಲನೆಯದು ಗ್ರಹಣ. ಶಾಸನ ಹೇಳುವ ದಿನ ಚಂದ್ರಗ್ರಹಣ ನಿಜವಾಗಿ ಸಂಭವಿಸಿತ್ತೆಂದು ಗಣಿತದಿಂದ ಸ್ಥಿರಪಟ್ಟಿದೆ. ಮುನ್ನೂರು ವರ್ಷ ಹಿಂದಿನ ಗ್ರಹಣವನ್ನು ಹನ್ನೆರಡನೆಯ ಶತಮಾನದ ಹುಸಿಶಾಸನಕಾರ ಸರಿಯಾಗಿ ಊಹಿಸಿದನೆನ್ನುವುದಕ್ಕಿಂತ ಹಳೆಯ ಪತ್ರವನ್ನು ನೋಡಿ ಬರೆದನೆನ್ನುವುದು ಹೆಚ್ಚು ಯುಕ್ತ. ಬಂಕೇಯನ ಅಧಿಕಾರಕ್ಕೆ ನಿಡಗುಂದಿಯ ಸಮಕಾಲೀನ ಕಲ್ಲು ಸಾಕ್ಷಿ. ಮುಕುಲ ಕುಲ, ಚೆಲ್ಲಕೇತನ ಎಂಬ ಹೆಸರುಗಳಿಗೆ ಕೊಳನೂರಿನ ಬಸದಿಗೆ ಸಂಬಂಧವೇ ಇಲ್ಲದ ಉತ್ತರಪುರಾಣದ ಪ್ರಶಸ್ತಿ ಸಾಕ್ಷಿ. ವಂಶಾವಳಿಯಲ್ಲಿ ನಕಲುಗಾರ ಕೈಯಾಡಿಸಿರಬಹುದು, ದಾನದ ಭೂಮಿಯ ವಿವರದಲ್ಲಿ ಆಡಿಸಿರುವ ಸಾಧ್ಯತೆ ಇನ್ನೂ ಹೆಚ್ಚು. ಮತ್ಸರದಿಂದ ಕೈಬಿಟ್ಟ ಸಾಮಂತರನ್ನೂ ಬಂಡೆದ್ದ ರಾಜಕುಮಾರನನ್ನೂ ಸೃಷ್ಟಿಸಿ ಬಸದಿಯ ಹೊಲಕ್ಕೆ ಆಗಬೇಕಾದ ಲಾಭವೇನೂ ಇಲ್ಲ. ಆದುದರಿಂದ ಕಥೆಯ ಈ ಭಾಗ ಹಳೆಯ ತಾಮ್ರಪಟದ್ದೇ ಎಂದು ಒಪ್ಪುವುದು ಸರಿ.

ಉತ್ತರಪುರಾಣದ ಪ್ರಶಸ್ತಿ ಬಂಕೇಯನ ಮುಂದಿನ ತಲೆಮಾರಿನ ಮುಖ್ಯ ಆಧಾರ. ಜಿನಸೇನನು ಅರ್ಧಕ್ಕೆ ಬಿಟ್ಟ ಮಹಾಪುರಾಣವನ್ನು ಪೂರ್ತಿ ಮಾಡಿದವನು ಗುಣಭದ್ರ. ಅವನ ಶಿಷ್ಯ ಲೋಕಸೇನನ ಪ್ರಶಸ್ತಿಯಂತೆ, ಅಕಾಲವರ್ಷ ಎಂದರೆ ಎರಡನೆಯ ಕೃಷ್ಣನ ಕಾಲದಲ್ಲಿ, ಶಕ 820ರಲ್ಲಿ, ಬಂಕಾಪುರದಲ್ಲಿ ಆ ಪುರಾಣಕ್ಕೆ ಪೂಜೆ ಸಂದಿತು. ಆಗ ವನವಾಸ ದೇಶವನ್ನು ಆಳುತ್ತಿದ್ದವನು ಲೋಕಾದಿತ್ಯ. ಅವನ ಪರಿಚಯ ಹೀಗಿದೆ: ಮುಕುಲ ಕುಲದವನು, ಚೆಲ್ಲಪತಾಕ, ಚೆಲ್ಲಧ್ವಜನ ತಮ್ಮ, ಚೆಲ್ಲಕೇತನನ ಮಗ, ಅವನಿದ್ದ ಬಂಕಾಪುರ ತಂದೆಯ ಸ್ವಂತ ಹೆಸರಿನಲ್ಲಿ ಸ್ಥಾಪಿತವಾದ ಪಟ್ಟಣ. ಕೇತನ, ಧ್ವಜ, ಪತಾಕ – ಮೂರಕ್ಕೂ ಅರ್ಥ ಒಂದೇ. ತಂದೆ ದುಡಿದು ಗಳಿಸಿದ ಬಿರುದನ್ನು ಮಕ್ಕಳು ಪರ್ಯಾಯಪದಗಳಲ್ಲಿ ಹಂಚಿಕೊಂಡಿದ್ದಾರೆ. ಮನೆತನವೊಂದು ತನ್ನನ್ನು ಮನೆತನವೆಂದು ಅರಿತುಕೊಂಡ ಗಳಿಗೆಯನ್ನು ಹೆಸರುಗಳಲ್ಲೇ ಇಷ್ಟು ನಿಚ್ಚಳವಾಗಿ ಕಾಣುವುದು ಅಪೂರ್ವ.

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಬಂಡಾಯಗಾರರ ಪಕ್ಷ ಸೇರಿದ ರಾಜಕುಮಾರ ಎರಡನೆಯ ಕೃಷ್ಣನೇ ಇರಬೇಕೆಂದು ಅಳ್ತೇಕರ್ ಮೊದಲಾದ ವಿದ್ವಾಂಸರು ಊಹಿಸಿದ್ದಾರೆ. ಹಾಗಿದ್ದಲ್ಲಿ ತನ್ನ ಬಂಡಾಯವನ್ನು ಅಡಗಿಸಿದವನ ಮಕ್ಕಳನ್ನು ಕೃಷ್ಣ 878ರಲ್ಲಿ ಪಟ್ಟಕ್ಕೆ ಬಂದೊಡನೆ ಕಿತ್ತುಹಾಕಬೇಕಿತ್ತು. ಫ್ರಾಂಕರಲ್ಲಿ ಲೂಯಿ ಪಟ್ಟಕ್ಕೆ ಬಂದೊಡನೆ ಅದಲ್‌ಹಾರ್ಡ್ ಮತ್ತು ವಾಲರಿಗೆ ಮಾಡಿದ್ದು ಅದನ್ನೇ. ಅವರಾದರೂ ಲೂಯಿಯ ವಿರುದ್ಧ ಆಗ ಏನನ್ನೂ ಮಾಡಿರಲಿಲ್ಲ. ಆದರೆ ಕೃಷ್ಣ ಪಟ್ಟಕ್ಕೆ ಬಂದ ಇಪ್ಪತ್ತು ವರ್ಷಗಳ ಮೇಲೂ ಬನವಾಸಿಯಲ್ಲಿ ಬಂಕೇಯನ ಮಗನೇ ಇದ್ದಾನೆ. ಇದರಿಂದ ರಾಜಕುಮಾರ ಕೃಷ್ಣನಲ್ಲವೆಂದು ವಾದಿಸಬಹುದು. ಅದಕ್ಕಿಂತ ಬೇರೊಂದು ವಿವರಣೆ ಹೆಚ್ಚು ಒಪ್ಪುವಂತಿದೆ. ಅಷ್ಟು ಹೊತ್ತಿಗೆ ಬನವಾಸಿಯಲ್ಲಿ ಚೆಲ್ಲಕೇತನರ ನೆಲೆ ಅರಸನ ಅನುಗ್ರಹವೊಂದನ್ನೇ ಆಧರಿಸಿರಲಿಲ್ಲ. ಅವರ ಹೆಸರಿನ ಪಟ್ಟಣವಿತ್ತು, ಕೊಳನೂರಿನ ಬಸದಿಯಿತ್ತು, ಗುಣಭದ್ರನ ಶಿಷ್ಯ ಪರಂಪರೆ ಅವರ ಊರಿನಲ್ಲಿ ಪುರಾಣವನ್ನು ಪೂಜಿಸುತ್ತಿತ್ತು, ಸಣ್ಣ ನಾಡುಗಳಲ್ಲಿ ಪಳಗಿದ ಮಕ್ಕಳಿದ್ದರು. ಹಳೆಯ ಅರಸ ಅನುಗ್ರಹದಿಂದ ಕೊಟ್ಟದ್ದನ್ನು ಹೊಸ ಅರಸ ಕೋಪದಿಂದ ಕಿತ್ತುಕೊಳ್ಳುವುದು ಸುಲಭವಿರಲಿಲ್ಲ. ವೇಂಗಿಯ ಚಾಲುಕ್ಯರೊಡನೆಯೂ ಗುರ್ಜರ ಪ್ರತೀಹಾರರೊಡನೆಯೂ ಹೋರಾಡಬೇಕಾಗಿದ್ದ ಕೃಷ್ಣನಿಗೆ ದಕ್ಷಿಣದ ಬಾಗಿಲನ್ನು ಕಾಯುವವರನ್ನು ಕೆಣಕುವ ಪುರಸೊತ್ತೂ ಇರಲಿಲ್ಲ.

ಮನೆತನದ ಮುಂದಿನವರನ್ನು ಕುರಿತು ವಿಸ್ತರಿಸಬೇಕಾದ್ದು ಹೆಚ್ಚಿಲ್ಲ. ಹತ್ತನೆಯ ಶತಮಾನದ ಆರಂಭದಲ್ಲಿ ಬನವಾಸಿಯನ್ನು ಕಲಿವಿಟ್ಟರಸ ಆಳುತ್ತಿದ್ದಾಗ ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ಸತ್ತ. ಆ ಪದವಿಗೆ ಬಂದವಳು ಅವನ ಹೆಂಡತಿ ಜಕ್ಕಿಯಬ್ಬೆ. ಅವಳು ನಾಡನ್ನು ಸಮರ್ಥವಾಗಿ ಆಳಿ, ಕೊನೆಗೆ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ಮುಡಿಪಿದಳು. ಕನ್ನಡ ನಾಡಿನ ಮಹಿಳಾ ಆಡಳಿತಗಾರರ ಮಾತು ಬಂದಾಗಲೆಲ್ಲ ನೆನೆಯುವ ಈ ಪ್ರಸಂಗ ನಡೆದದ್ದು ಬಂಕೇಯ ಒಮ್ಮೆ ಆಳಿದ ನಾಡಿನಲ್ಲಿಯೇ. 945ರ ಹೊತ್ತಿಗೆ, ಮೂರನೆಯ ಕೃಷ್ಣನ ಕಾಲದಲ್ಲಿ, ಕ್ಯಾಸನೂರಿನ ಶಾಸನ ಚೆಲ್ಲಕೇತನ ವಂಶದ ಮಹಾಸಾಮಂತ ಕಲಿವಿಟ್ಟನನ್ನು ಬನವಾಸಿಯ ಆಡಳಿತಗಾರನೆಂದೇ ಕರೆಯುತ್ತದೆ. ಒಡೆಯರು ಬದಲಾದರೂ ಸುಮಾರು ಎಂಬತ್ತೈದು ವರ್ಷಗಳ ಅನಂತರವೂ ನಾಡು ಅದೇ ಮನೆಯವರ ಕೈಯಲ್ಲಿತ್ತು. ಕೊಪಣದಲ್ಲಿ ಜಯಧೀರ ಜಿನಾಲಯವನ್ನು ಕಟ್ಟಿಸಿದ ಶಂಕರಗಂಡನನ್ನೂ ಈ ವಂಶದವನೆಂದು ಗುರುತಿಸಲಾಗಿದೆ. 993ರಲ್ಲಿ ಅಜಿತಪುರಾಣವನ್ನು ಬರೆದ ರನ್ನ, ಅತ್ತಿಮಬ್ಬೆಯ ಹಿರಿಮೆಯನ್ನು ಹೇ‍ಳುವಾಗ ಹೋಲಿಕೆಗೆ ತರುವ ಜೈನಧರ್ಮದ ಪೋಷಕರಲ್ಲಿ ಬೂತುಗ, ಮಾರಸಿಂಹ, ಚಾವುಂಡರಾಯರ ಜೊತೆಗೆ ಶಂಕರಗಂಡನೂ ಇದ್ದಾನೆ.

ಆ ಸಾಲಿನ ಮಾರಸಿಂಹನು ಗಂಗರ ಅರಸ. ಬಂಕೇಯ ಕಡಿಯಲು ಹೊರಟ ಆಲದ ಅಡವಿಯ ಕೊನೆಯ ದೊಡ್ಡ ಮರ. ರಾಷ್ಟ್ರಕೂಟರಿಗಾಗಿ ಬಾಳೆಲ್ಲ ಕಾದಿದವನು ಅವನು. 973ರಲ್ಲಿ ತೈಲಪನ ಕೈಯಲ್ಲಿ ಮಾನ್ಯಖೇಟ ಬಿದ್ದ ಮೇಲೆ ನಾಲ್ಕನೆಯ ಇಂದ್ರನಿಗೆ ಪಟ್ಟಕಟ್ಟಿ ಆ ರಾಜ್ಯವನ್ನು ಉಳಿಸಲೆಂದು ಕೊನೆಯ ಪ್ರಯತ್ನ ಮಾಡಿದವನೂ ಅವನೇ. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಕಂಬದ ಶಾಸನದಂತೆ, ಪ್ರಯತ್ನ ಕೈಗೂಡದೆ, ಅವನು ಮೂರು ದಿನ ಸಲ್ಲೇಖನ ವ್ರತವನ್ನು ಆಚರಿಸಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಪ್ರಾಣ ಬಿಟ್ಟ. ವರ್ಷ 974, ಊರು ಬಂಕಾಪುರ.